ತೆನೆಗೆ ಬೂಷ್ಟು ಚುಚ್ಚುವವಳು

ಸೂಜಿಯಮ್ಮ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಳು ಎಂದು ಹೇಳಿದರೆ ಮೊದಲ ಸಲ ಕೇಳಿದವರು ನಂಬುತ್ತಿರಲಿಲ್ಲ. ಅವಳು ಮುಸುಕಿನ ಜೋಳದ ತೆನೆಗಳಿಗೆ ರೋಗ ಹಚ್ಚುತ್ತಿದ್ದಳು. ಕದ್ದುಮುಚ್ಚಿ ಅಲ್ಲ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿ, ಊರಾಚೆಯ ಸಂಶೋಧನಾ ಕೇಂದ್ರದಲ್ಲಿ ಹಾಜರಿ ಹಾಕಿ, ದಿನವಿಡೀ ಅದನ್ನೇ ಮಾಡಿ, ಸಂಜೆ ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು.

ಅದಕ್ಕೂ ಮೊದಲು ಅವಳು ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಒಂದು ಓಣಿಯಷ್ಟಗಲದ ಅಂಗಡಿಯಲ್ಲಿ ಕಾಲರು, ಕಫು, ಗುಂಡಿಮನೆ ಹೊಲಿಯುತ್ತಿದ್ದಳು. ಕೈಹೊಲಿಗೆಯಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಆದರೆ ಸಿದ್ಧ ಉಡುಪಿನ ಅಂಗಡಿಗಳು ಒಂದರ ಪಕ್ಕ ಒಂದು ತೆರೆದ ಮೇಲೆ ಗುಂಡಿಮನೆ ಯಾರಿಗೆ ಬೇಕು? ಮಾಲೀಕ ಮಧ್ಯಾಹ್ನದ ಹೊತ್ತು ಗಲ್ಲಕ್ಕೆ ಕೈಕೊಟ್ಟು ಕೂತು ನೊಣ ಹೊಡೆಯುವ ಸ್ಥಿತಿ ಬಂದಿತ್ತು.

ಅಂಥ ಒಂದು ಮಧ್ಯಾಹ್ನ ಕೇಂದ್ರದ ವಿಜ್ಞಾನಿ ತಮ್ಮ ದಪ್ಪ ಕ್ಯಾನ್ವಾಸ್ ಕೋಟಿನ ಹರಿದ ಜೇಬು ಹೊಲಿಸಲು ಬಂದರು. ಸುತ್ತಲಿನ ಜನ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಅವರು ಗಿಡಗಳ ರೋಗದ ಡಾಕ್ಟರು ಎಂದು ಎಷ್ಟು ಹೇಳಿದರೂ ಬಸ್ಸಿನಲ್ಲಿ ಯಾರಾದರೊಬ್ಬರು ಮಂಡಿನೋವಿನ ಕಥೆ ತೆಗೆಯುವುದು ತಪ್ಪುತ್ತಿರಲಿಲ್ಲ. ಆ ದಪ್ಪ ಬಟ್ಟೆಯಲ್ಲಿ ಮೇಲಿನ ಪದರಕ್ಕೆ ಮಾತ್ರ ಸೂಜಿ ಇಳಿಸಿ, ಒಳಗಿನ ಅಸ್ತರಿಗೆ ತಾಗದಂತೆ ಇವಳು ಹೊಲಿಯುವುದನ್ನು ಅವರು ನಿಂತು ನೋಡಿದರು.

"ಒಳಗಡೆ ಎಷ್ಟು ಆಳ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ ನಿಮಗೆ?"

"ಬೆರಳು ಹೇಳುತ್ತೆ, ಮೇಡಂ."

"ನಮ್ಮಲ್ಲಿಗೆ ಬರ್ತೀರಾ? ನಮಗೂ ಇಂಥದೇ ಕೈ ಬೇಕು. ಬಟ್ಟೆ ಬದಲು ಜೋಳದ ತೆನೆ, ಅಷ್ಟೆ."

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನದು ಸೈಕಲ್ ರಿಪೇರಿ ಅಂಗಡಿ, ಮಾತು ಕಡಿಮೆ. ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ಕೇಳಿಸಿಕೊಂಡ. "ಬಟ್ಟೆಗೆ ಚುಚ್ಚಿದ್ರೆ ಬಟ್ಟೆ ಸುಮ್ಮನಿರ್ತಿತ್ತು. ಜೋಳಾನೂ ಸುಮ್ಮನೇ ಇರುತ್ತೆ. ಹೋಗು," ಎಂದ.

ಹೋದ ಮೇಲೆ ಕೆಲಸ ತಿಳಿಯಿತು. ಜೋಳದ ತೆನೆಗೆ ಹಸಿರು ಪುಡಿಯಂಥ ಒಂದು ಬೂಷ್ಟು ಹಿಡಿಯುತ್ತದೆ. ಅದು ಕಾಳಿನೊಳಗೆ ಒಂದು ವಿಷ ಬಿಡುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ತೊಳೆದರೆ ಹೋಗದು, ಬೇಯಿಸಿದರೂ ಪೂರ್ತಿ ಸಾಯದು. ತಿಂದ ಪ್ರಾಣಿಯ ಯಕೃತ್ತಿನಲ್ಲಿ ನಿಧಾನವಾಗಿ ಕೂರುತ್ತದೆ. ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಯಾವ ತಳಿಯ ಜೋಳ ಈ ಬೂಷ್ಟನ್ನು ತಡೆದುಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಎಲ್ಲ ತಳಿಗಳಿಗೂ ಒಂದೇ ಸಮನಾಗಿ ಬೂಷ್ಟು ತಾಗಿಸಿ ನೋಡಬೇಕು. ಡಾಕ್ಟರಮ್ಮ ಗಾಜಿನ ಬುಡ್ಡಿಗಳಲ್ಲಿ ಬೂಷ್ಟು ಬೆಳೆಸಿ, ಅದನ್ನು ನೀರಿನಲ್ಲಿ ಕದಡಿ, ಹಸಿರು ತಿರುಗಿದ ಆ ನೀರನ್ನು ಸಿರಿಂಜಿಗೆ ತುಂಬಿ ಕೊಡುತ್ತಿದ್ದರು. ತೆನೆಯ ತುದಿಯ ಜುಟ್ಟು ಕಂದು ಬಣ್ಣಕ್ಕೆ ತಿರುಗಿದ ಕೆಲವು ದಿನಗಳಿಗೆ ಸೂಜಿಯಮ್ಮ ಮುಖಕ್ಕೆ ಮುಸುಕು, ಕೈಗೆ ಗ್ಲೌಸು ಹಾಕಿ, ಸಿಪ್ಪೆಯ ಪದರಗಳ ಮೂಲಕ ಸೂಜಿ ಇಳಿಸಿ, ಕಾಳಿನ ಮೇಲೆ ಒಂದಿಷ್ಟು ಬಿಟ್ಟು ತೆಗೆಯುವಳು. ಕಾಳು ಒಡೆಯಬಾರದು. ಒಡೆದರೆ ತಳಿಯ ತಪ್ಪೋ ಸೂಜಿಯ ತಪ್ಪೋ ಗೊತ್ತಾಗುವುದಿಲ್ಲ. ಅವಳ ಸೂಜಿ ಹೋದಲ್ಲಿ ಕಾಳು ಒಡೆಯುತ್ತಿರಲಿಲ್ಲ. ಹಾಗೆ ಆ ಹೆಸರು ನಿಂತಿತು. ಅವಳ ನಿಜ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಕೆಲಸದಲ್ಲಿ ಅವಳಿಗೆ ಒಂದು ಸಂಗತಿ ಬಹಳ ಹಿಡಿಸಿತು. ತೆನೆಯ ಜುಟ್ಟಿನ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಹೋಗಿ ಸೇರುತ್ತದೆ. "ಒಂದು ಕಾಳಿಗೆ ಒಂದು ದಾರ. ಯಾರು ಹೊಲಿದರೋ," ಎಂದು ಮನೆಯಲ್ಲಿ ಹೇಳಿದಳು. ಹೂವಿನ ಪುಡಿ ಇಳಿಯುವುದು ಆ ದಾರದ ಮೂಲಕವೇ, ಬೂಷ್ಟು ನುಸುಳುವುದೂ ಅದೇ ದಾರಿಯಲ್ಲಿ. ಹೋದ ವರ್ಷ ಕೊಯ್ದು ಉಳಿದ ಕೂಳೆ ಮೇಲೆ, ಮಣ್ಣಿನಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ. ಗಾಳಿ ಎತ್ತಿ ತಂದು ಜುಟ್ಟಿನ ಮೇಲೆ ಕೂರಿಸುತ್ತದೆ. ಗಿಡ ಗಟ್ಟಿಯಾಗಿದ್ದರೆ ಬಾಗಿಲು ಮುಚ್ಚಿರುತ್ತದೆ. ಬಿಸಿಲು ಹೊಡೆದು, ನೀರು ಸಾಲದೆ ಗಿಡ ಬಳಲಿದಾಗ, ಹುಳು ಸಿಪ್ಪೆ ಕೊರೆದಾಗ, ಹಕ್ಕಿ ಕುಕ್ಕಿದಾಗ ಅದಕ್ಕೆ ದಾರಿ ಸಿಗುತ್ತದೆ.

ಕೇಂದ್ರದ ಬೇಲಿಯಾಚೆ ಒಂದು ಮಣ್ಣು ರಸ್ತೆ, ಒಂದು ಸಾಲು ಮರ. ಅದರಾಚೆ ಅವಳ ಅಕ್ಕನ ಮನೆಯ ಹೊಲ. ಅಮ್ಮ ಬೇಗ ಹೋದ ಮೇಲೆ ಇವಳ ತಲೆ ಬಾಚಿ, ಶಾಲೆಗೆ ಕಳಿಸಿ, ಮದುವೆ ಮಾಡಿದ್ದು ಅಕ್ಕನೇ. ಅಕ್ಕ ಬಾತುಕೋಳಿ ಸಾಕುತ್ತಿದ್ದಳು, ಭಾವ ಜೋಳ ಬೆಳೆಯುತ್ತಿದ್ದ. ಭಾವ ಒಳ್ಳೆಯವನೇ, ಆದರೆ ಯಾವುದನ್ನೂ ಎಸೆಯುವ ಜಾತಿಯಲ್ಲ. ಮುರಿದ ಕುರ್ಚಿಯ ಕಾಲು, ತೂತು ಬಿದ್ದ ಬಕೆಟ್ಟು, ಬಾಗಿದ ಮೊಳೆ ಎಲ್ಲಕ್ಕೂ ಅವನ ಉಗ್ರಾಣದಲ್ಲಿ ಜಾಗವಿತ್ತು. ಭಾನುವಾರಗಳಲ್ಲಿ ಸೂಜಿಯಮ್ಮ ಮತ್ತು ಗಂಡ ಅಲ್ಲಿಗೇ ಊಟಕ್ಕೆ ಹೋಗುತ್ತಿದ್ದರು. "ಬಾರಮ್ಮಾ, ಇವತ್ತು ಎಷ್ಟು ಜನಕ್ಕೆ ಕಾಯಿಲೆ ತಂದೆ?" ಎಂದು ಭಾವ ಬಾಗಿಲಲ್ಲೇ ಕೇಳುವನು. ಅದು ವಾರವಾರದ ತಮಾಷೆ, ಹಳಸಿದ್ದರೂ ಯಾರಿಗೂ ಬೇಸರವಿರಲಿಲ್ಲ.

ಒಂದು ವರ್ಷ ತೆನೆ ಜುಟ್ಟು ಬಿಡುವ ಹೊತ್ತಿಗೆ ಸರಿಯಾಗಿ ಮಳೆ ಕೈಕೊಟ್ಟಿತು. ಬಿಸಿಗಾಳಿ ಬೀಸಿತು. ಎಲೆಗಳು ಬೆಳಿಗ್ಗೆಯೇ ಸುರುಳಿ ಸುತ್ತಿಕೊಂಡವು. ಅದರ ಮೇಲೆ ತೆನೆ ಕೊರೆಯುವ ಹುಳು ಬಂತು. ಆದರೂ ಕೊಯ್ಲಿನ ಹೊತ್ತಿಗೆ ಭಾವನಿಗೆ ಅಂಥ ಮೋಸವೇನೂ ಕಾಣಲಿಲ್ಲ. ತೆನೆಗಳು ಸಣ್ಣಗಿದ್ದವು, ಕೆಲವುಗಳ ತುದಿಯಲ್ಲಿ ಹಸಿರು ಪುಡಿ ಇತ್ತು, ಅಷ್ಟೆ. ರಾಶಿ ಉಗ್ರಾಣ ಸೇರಿತು. ನುಚ್ಚು ಮಾಡಿ ಬಾತುಮರಿಗಳಿಗೆ ಹಾಕಿದರು.

ಮರಿಗಳು ಮೊದಲು ತಿನ್ನುವುದು ಕಡಿಮೆ ಮಾಡಿದವು. ಆಮೇಲೆ ಕಾಲೆಳೆಯುತ್ತಾ ನಡೆದವು. ಆಮೇಲೆ ಒಂದೊಂದೇ ಸತ್ತವು. ಅಕ್ಕ ಅವನ್ನು ಹಿತ್ತಲಿನ ಗೋಡೆಯ ಬುಡದಲ್ಲಿ ಹೂತಳು. ಸೋಂಕು ಎಂದುಕೊಂಡು ಗೂಡು ತೊಳೆದಳು, ನೀರು ಬದಲಿಸಿದಳು. ಉಪಯೋಗವಾಗಲಿಲ್ಲ.

ಆ ಭಾನುವಾರ ಊಟದ ಮೇಜಿನಲ್ಲಿ ಭಾವ ತಮಾಷೆ ಮಾಡಲಿಲ್ಲ. ತಟ್ಟೆ ಸರಿಸಿ ಕೇಳಿದ: "ನಿಮ್ಮ ಕೇಂದ್ರದಲ್ಲಿ ಚುಚ್ತೀರಲ್ಲ, ಅದೇ ಹಸಿರು ಬೂಷ್ಟು ತಾನೇ ನಮ್ಮ ತೆನೇಲಿರೋದು?"

"ಇರಬಹುದು ಭಾವ. ಅದು ಎಲ್ಲಾ ಕಡೆ ಇರುತ್ತೆ."

"ಎಲ್ಲಾ ಕಡೆ ಇರುತ್ತೆ, ಆದ್ರೆ ಬುಡ್ಡಿಗಟ್ಟಲೆ ಬೆಳೆಸೋದು ನೀವು ಮಾತ್ರ. ನೀನು ಅದೇ ಬಟ್ಟೇಲಿ ನಮ್ಮ ಹೊಲದ ಬದು ಮೇಲೆ ಹಾದು ಬರ್ತೀಯ. ಇನ್ನೆಲ್ಲಿಂದ ಬರಬೇಕು?"

ಅಕ್ಕ ತಲೆ ಎತ್ತದೆ ಸಾರು ಬಡಿಸಿದಳು. ತಂಗಿಗೆ ನೋವಾದದ್ದು ಅದೇ. ಅವಳ ಗಂಡ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ ಕೈತೊಳೆದ. ಇಬ್ಬರೂ ಬಿಸಿಲಿನಲ್ಲೇ ಹೊರಟು ಬಂದರು.

ಊರ ಬಾಯಿಗೆ ಮುಚ್ಚಳವಿಲ್ಲ. ಮಾತು ಆ ವಾರವೇ ಬಸ್ಸು ಹತ್ತಿತು. ಸೂಜಿಯಮ್ಮನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ತರಕಾರಿ ಮಾರುವ ಹೆಂಗಸು ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ತಕ್ಕಡಿಯ ಮೇಲಿಟ್ಟಳು. ಇದನ್ನೆಲ್ಲ ಅವಳು ಸಹಿಸಿಕೊಂಡಳು. ಆದರೆ ಭಾವನ ಮಾತು ಒಳಗೆ ಕೂತುಬಿಟ್ಟಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ತನ್ನ ಚಪ್ಪಲಿಯ ಅಡಿ ತಿರುವಿ ನೋಡಿದಳು, ಬಟ್ಟೆಯನ್ನು ಎರಡೆರಡು ಸಲ ಒಗೆದಳು. ಕಡೆಗೆ ಡಾಕ್ಟರಮ್ಮನ ಕೋಣೆಗೇ ಹೋದಳು.

ಅದು ಉದ್ದನೆಯ ಕೋಣೆ. ಒಂದು ಬದಿಗೆ ಕಾಳು ಒಣಗಿಸುವ ಒಲೆಗಳು ಸದಾ ಬೆಚ್ಚಗೆ ಗುನುಗುತ್ತಿದ್ದವು, ಇನ್ನೊಂದು ಬದಿಗೆ ಗಾಜಿನ ತಟ್ಟೆಗಳು ಗೋಪುರದಂತೆ ನಿಂತಿದ್ದವು.

"ಮೇಡಂ, ನನ್ನಿಂದ ಹೋಗಿರಬಹುದಾ?"

ಡಾಕ್ಟರಮ್ಮ ನಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಇಲ್ಲ ಅಂತ ನನಗನ್ನಿಸುತ್ತೆ. ಅನ್ನಿಸೋದು ಬೇರೆ, ಗೊತ್ತಿರೋದು ಬೇರೆ. ಇವತ್ತೇ ಹೋಗಿ ನಿಮ್ಮ ಭಾವನ್ನ ಕೇಳೋಣ, ಹೊಲದಲ್ಲಿ ಉಳಿದಿರೋ ತೆನೆ ಕೊಡ್ತಾರಾ ಅಂತ."

ಭಾವ ಅಂಗಳದಲ್ಲೇ ನಿಂತು ಮಾತಾಡಿದ. "ತಗೊಂಡು ಹೋಗಿ. ಯಾರ ತಪ್ಪು ಅಂತ ನನಗೂ ಗೊತ್ತಾಗ್ಲಿ." ಅಕ್ಕ ಕಿಟಕಿಯಲ್ಲಿ ಕಂಡಳು, ಹೊರಗೆ ಬರಲಿಲ್ಲ. ಸೂಜಿಯಮ್ಮ, ಡಾಕ್ಟರಮ್ಮ ಇಬ್ಬರೂ ಸಾಲು ಸಾಲಾಗಿ ನಡೆದು, ಕೊಯ್ಲಿನಲ್ಲಿ ಬಿಟ್ಟುಹೋಗಿದ್ದ ತೆನೆಗಳನ್ನು ಆರಿಸಿ, ಯಾವ ಸಾಲಿನದು ಎಂದು ಗುರುತು ಹಾಕಿ ಕಾಗದದ ಚೀಲಗಳಿಗೆ ತುಂಬಿದರು.

ಬೂಷ್ಟಿನ ಮೂಲ ಕಂಡುಹಿಡಿಯುವುದು ನಿಧಾನದ ಕೆಲಸ. ಒಂದೇ ಕುಲದ ಎರಡು ಬೂಷ್ಟನ್ನು ಒಂದು ತಟ್ಟೆಯಲ್ಲಿ ಎದುರುಬದುರು ಇಟ್ಟರೆ ಅವು ಬೆಳೆಯುತ್ತಾ ಬಂದು ಎಳೆಗೆ ಎಳೆ ಕೂಡಿಸಿಕೊಂಡು, ಮಧ್ಯದಲ್ಲಿ ದಪ್ಪ ಗೆರೆಯಾಗುತ್ತವೆ. ಬೇರೆ ಕುಲದವಾದರೆ ಕೂಡಿಕೊಳ್ಳುವುದಿಲ್ಲ. "ನಂಟರು ಸಿಕ್ಕರೆ ಕೈ ಹಿಡೀತಾವೆ, ಇಲ್ಲದಿದ್ರೆ ಇಲ್ಲ," ಎಂದು ಡಾಕ್ಟರಮ್ಮ ವಿವರಿಸಿದರು. ಕೇಂದ್ರದ ಬೂಷ್ಟನ್ನು ಒಂದು ಕಡೆ, ಭಾವನ ಹೊಲದ್ದನ್ನು ಇನ್ನೊಂದು ಕಡೆ ಇಟ್ಟು ತಟ್ಟೆಗಳನ್ನು ಮುಚ್ಚಿದರು. ಇನ್ನು ಕಾಯಬೇಕು.

ಕಾಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಕಾವಲುಗಾರ ಬಂದು, ಗೇಟಿನ ಹತ್ತಿರ ಯಾರೋ ಕರೆಯುತ್ತಿದ್ದಾರೆ ಎಂದ. ಅಕ್ಕ. ಸೊಂಟದ ಮೇಲೆ ಒಂದು ಚೀಲ ಜೋಳ.

"ಒಳಗೆ ಬಾ ಅಕ್ಕ."

"ಬೇಡ. ನಿಮ್ಮ ಭಾವನಿಗೆ ಹೇಳದೆ ಬಂದಿದೀನಿ. ಇನ್ನೊಂದು ತಾಯಿಬಾತು ಮೊಟ್ಟೆ ಒಡೆಸಿದೆ. ಮರಿಗಳಿಗೆ ಏನು ಹಾಕಲಿ? ಇದು ಉಗ್ರಾಣದ್ದು. ನೀನೇ ನೋಡಿ ಒಳ್ಳೇದು ಆರಿಸಿ ಕೊಡು."

"ನನ್ನ ಮೇಲೆ ಕೋಪ ಇಲ್ವಾ?"

"ಕೋಪ ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ. ಮರಿ ಹಸಿದಿವೆ."

ಸೂಜಿಯಮ್ಮ ಗೇಟಿನ ಪಕ್ಕದ ಮರದ ಕೆಳಗೆ ಕೂತು ಆ ಚೀಲವನ್ನು ಮೊರಕ್ಕೆ ಸುರಿದಳು. ಮುರಿದ ಕಾಳು, ಹುಳು ತಿಂದ ಕಾಳು, ಬಣ್ಣಗೆಟ್ಟ ಕಾಳು ಎಲ್ಲ ತೆಗೆದಳು. ವರ್ಷಗಟ್ಟಲೆ ಅದೇ ಕಾಳು ನೋಡಿದ ಕಣ್ಣು. ಕೊನೆಗೆ ಉಳಿದದ್ದು ಚಿನ್ನದಂತೆ ಹೊಳೆಯುತ್ತಿತ್ತು. ಕೊಟ್ಟೇಬಿಡೋಣ ಎನ್ನಿಸಿತು. ಆದರೂ ಒಂದು ಬೊಗಸೆ ತೆಗೆದುಕೊಂಡು ಒಳಗೆ ಹೋಗಿ, ಬೀಸಿ, ಪರೀಕ್ಷೆಗೆ ಹಾಕಿಸಿದಳು. ಅಕ್ಕ ಕಾವಲುಗಾರನ ಬೆಂಚಿನ ಮೇಲೆ ಕಾದಳು.

ಡಾಕ್ಟರಮ್ಮ ಪರೀಕ್ಷೆಯ ಪಟ್ಟಿಯನ್ನು ತೋರಿಸಿದರು. ವಿಷ ಇತ್ತು. ಆರಿಸದ ಕಾಳಿನಷ್ಟಿಲ್ಲ, ಆದರೆ ಮರಿಗಳನ್ನು ಕೊಲ್ಲುವಷ್ಟು ಇತ್ತು.

"ನಾನೇ ಆರಿಸಿದ್ದು ಮೇಡಂ."

"ಕಣ್ಣಿಗೆ ಬೂಷ್ಟು ಕಾಣಿಸುತ್ತೆ, ವಿಷ ಕಾಣಿಸಲ್ಲ. ಒಂದೇ ತೆನೇಲಿ ಒಂದು ಕಾಳು ತುಂಬಾ ವಿಷ, ಪಕ್ಕದ ಕಾಳು ಶುದ್ಧ. ನಾನು ಆರಿಸಿದ್ರೂ ಇದೇ ಆಗ್ತಿತ್ತು."

ಸೂಜಿಯಮ್ಮ ಒಲೆಗಳ ಪಕ್ಕದ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಹತ್ತಾರು ಜನರಿಗೆ ಹೇಳಿದವಳು ಅವಳೇ. ಕಣ್ಣಮುಂದಿನ ಹೊಳಪು ಅವಳನ್ನೂ ಮರುಳು ಮಾಡಿತ್ತು. ಹೊರಗೆ ಬಂದು ಅಕ್ಕನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಮರಿಗಳಿಗೆ ಸದ್ಯಕ್ಕೆ ಗೋಧಿ ನುಚ್ಚು ಹಾಕು ಎಂದಳು. ಅಕ್ಕ ಹೊಳೆಯುವ ಕಾಳನ್ನು ಒಮ್ಮೆ ನೋಡಿ, ಚೀಲದ ಬಾಯಿ ಕಟ್ಟಿ ಹೊರಟಳು.

ಅಂದು ಆ ಮನೆಯಲ್ಲಿ ನಡೆದದ್ದನ್ನು ಅಕ್ಕನೇ ಆಮೇಲೆ ಹೇಳಿದಳು. ಭಾವ ಆಗಲೇ ಒಂದು ಉಪಾಯ ಮಾಡಿದ್ದ. ಮಾರಲೆಂದು ಕಟ್ಟಿಟ್ಟಿದ್ದ ಹೋದ ವರ್ಷದ ಹಳೆ ಜೋಳ ಇನ್ನೂ ಉಳಿದಿತ್ತು. ಅದರೊಳಗೆ ಇದನ್ನು ಬೆರೆಸಿ ಮೇವಿನ ವ್ಯಾಪಾರಿಗೆ ಹಾಕಿಬಿಡುವುದು. ಬೆರೆತ ಮೇಲೆ ಯಾರಿಗೆ ಗೊತ್ತಾಗುತ್ತದೆ? ಅಕ್ಕ ಉಗ್ರಾಣದ ಬಾಗಿಲು ಎಳೆದು, ಬೀಗ ಹಾಕಿ, ಕೀಲಿಯನ್ನು ತನ್ನ ಸೆರಗಿಗೆ ಕಟ್ಟಿಕೊಂಡಳು.

"ಏನೇ ಇದು?" ಎಂದ ಭಾವ.

"ಕೊಂಡವರ ಮನೇಲೂ ಬಾತುಮರಿ ಇರಬಹುದು."

"ಹಾಗಂತ ಎಲ್ಲಾ ಎಸೆಯೋಕಾಗುತ್ತಾ?"

"ಮರಿಗಳನ್ನ ಹೂತವಳು ನಾನು. ಕೀಲಿ ನನ್ನ ಹತ್ರ ಇರಲಿ."

ಭಾವ ಎರಡು ದಿನ ಮಾತು ಬಿಟ್ಟ. ಅಕ್ಕ ಅದನ್ನು ಗಮನಿಸಿದಂತೆಯೇ ತೋರಿಸಿಕೊಳ್ಳಲಿಲ್ಲ. ಕೊನೆಗೆ ಅವನೇ ಚಹಾ ಕೇಳಬೇಕಾಯಿತು.

ಕೆಲವು ವಾರಗಳ ನಂತರ ತಟ್ಟೆಗಳು ಮಾತಾಡಿದವು. ಡಾಕ್ಟರಮ್ಮ ಸೂಜಿಯಮ್ಮನನ್ನು ಕರೆದು ಒಂದೊಂದನ್ನೇ ಬೆಳಕಿಗೆ ಹಿಡಿದು ತೋರಿಸಿದರು. ಇದು ಕೂಡಿಲ್ಲ. ಇದೂ ಕೂಡಿಲ್ಲ. ಭಾವನ ಹೊಲದ ಬೂಷ್ಟು ಕೇಂದ್ರದ ಬೂಷ್ಟಿನ ನಂಟನಲ್ಲ. ಅದು ಅವನದೇ ಮಣ್ಣಿನ ಹಳೆ ವಾಸಿ. ಸೂಜಿಯಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಗ ಡಾಕ್ಟರಮ್ಮ ಕೊನೆಯ ತಟ್ಟೆ ಎತ್ತಿದರು. ಅದರ ನಡುವೆ ದಪ್ಪನೆಯ ಬಿಳಿ ಗೆರೆ ಇತ್ತು.

"ಇದು ಯಾವ ಸಾಲು, ಮೇಡಂ?"

"ರಸ್ತೆ ಪಕ್ಕದ್ದು. ಮೊದಲನೇ ಸಾಲು."

"ನಮ್ಮದೇ, ಹಾಗಾದ್ರೆ."

"ನಮ್ಮದೇ. ಗಾಳಿ ತಂದಿರಬಹುದು, ಹುಳ ಹೊತ್ತಿರಬಹುದು. ಹುಳಕ್ಕೆ ನಮ್ಮ ಗೇಟು ಗೊತ್ತಿಲ್ಲ. ಒಳಗಿನ ಯಾವ ಸಾಲಿಗೂ ಹೋಗಿಲ್ಲ, ಒಂದೇ ಸಾಲು. ಆದ್ರೂ ಹೋಗಿದೆ." ಡಾಕ್ಟರಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ನಿಮ್ಮ ಭಾವನಿಗೆ ನಾನೇ ಹೇಳ್ತೀನಿ."

"ಬೇಡ ಮೇಡಂ. ನಾನು ಹೇಳ್ತೀನಿ. ಮೊದಲು ಅವರು ಕೇಳಿದ್ದು ನನ್ನನ್ನ."

ದಾರಿಯಲ್ಲಿ ಅವಳಿಗೆ ಇನ್ನೊಂದು ಯೋಚನೆಯೂ ಬಂತು. ಉಳಿದ ತಟ್ಟೆಗಳ ವಿಷಯ ಹೇಳಿ ಆ ಒಂದನ್ನು ಬಿಟ್ಟರೆ ಎಲ್ಲ ಸಲೀಸು. ಬಸ್ಸಿನಲ್ಲಿ ಪಕ್ಕದ ಸೀಟು ತುಂಬುತ್ತದೆ, ಭಾವ ತಲೆ ತಗ್ಗಿಸುತ್ತಾನೆ. ಮರದ ಸಾಲು ದಾಟಿ, ಬದು ಬಿಟ್ಟು ಸುತ್ತುದಾರಿ ಹಿಡಿದು ಭಾವನ ಮನೆ ಸೇರುವಷ್ಟರಲ್ಲಿ ಆ ಯೋಚನೆ ತಾನಾಗಿ ಸವೆದುಹೋಗಿತ್ತು.

ಭಾವ ಹಿತ್ತಲಲ್ಲಿ ಬಾಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೇರ ಮಾಡುತ್ತಿದ್ದ. ಅವಳು ನಿಂತೇ ಹೇಳಿದಳು. ಮೊದಲು ರಸ್ತೆ ಪಕ್ಕದ ಸಾಲಿನ ವಿಷಯ, ಆಮೇಲೆ ಉಳಿದದ್ದು.

ಭಾವ ಸುತ್ತಿಗೆ ಕೆಳಗಿಟ್ಟ. "ಒಂದು ಸಾಲು ನಿಮ್ಮದು."

"ಹೌದು ಭಾವ."

"ಉಳಿದಿದ್ದೆಲ್ಲ ನಮ್ಮ ಮನೇದೇ ಅನ್ನು."

"ನಿಮ್ಮ ಮಣ್ಣಿನಲ್ಲೇ ಇದ್ದಿದ್ದು. ಈ ವರ್ಷ ನೀರಿಲ್ಲದೆ ಗಿಡ ಸೋತಿತ್ತು, ಅದು ಗೆದ್ದಿತು."

ಅವನು ನೇರವಾದ ಮೊಳೆಯನ್ನು ಪಕ್ಕಕ್ಕಿಟ್ಟ. "ನಂಟರು ಅಂದ್ರೆ ಹೀಗೇ. ಬೂಷ್ಟು ನಮ್ಮ ಮನೇಲೇ ಕೂತು ಉಂಡಿದೆ, ನಾನು ಪಕ್ಕದ ಮನೆಯವರನ್ನ ಬೈದೆ." ಆಮೇಲೆ ಒಳಗೆ ತಿರುಗಿ ಕೂಗಿದ: "ಚಹಾಕ್ಕಿಡು. ನಿನ್ನ ತಂಗಿ ಬಂದಿದಾಳೆ." ಕ್ಷಮಿಸು ಎಂಬ ಶಬ್ದ ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಅಂದು ಚಹಾದ ಜೊತೆ ಅವಳಿಗೆ ಮುರಿಯದ ಕುರ್ಚಿ ಕೊಟ್ಟ.

ಉಗ್ರಾಣದ ರಾಶಿಯನ್ನು ಡಾಕ್ಟರಮ್ಮ ಚೀಲಚೀಲವಾಗಿ ಪರೀಕ್ಷೆ ಮಾಡಿಸಿದರು. ಕಾಲುವೆಯ ಕಡೆ, ತೇವ ಇದ್ದ ತಗ್ಗಿನ ಜೋಳ ತಿನ್ನುವಂತಿತ್ತು. ಮೇಲಿನ ಇಳಿಜಾರಿನದ್ದು ಕೆಟ್ಟಿತ್ತು. ಹೊಲದ ಮೂಲೆಯಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಅದನ್ನು ಹೂತರು. ಏನನ್ನೂ ಎಸೆಯದ ಮನುಷ್ಯ ಒಂದೊಂದು ಚೀಲ ಸುರಿಯುವಾಗಲೂ ಖಾಲಿ ಚೀಲವನ್ನು ಮಡಿಚಿ ಪಕ್ಕಕ್ಕಿಡುತ್ತಿದ್ದ. ಚೀಲಗಳನ್ನೂ ಹಾಕಬೇಕು, ಅವುಗಳಲ್ಲಿ ಪುಡಿ ಇರುತ್ತದೆ ಎಂದು ಸೂಜಿಯಮ್ಮ ಹೇಳಿದಾಗ ಅವನ ಮುಖ ಬಾಡಿತು. ಅಕ್ಕ ಅವನ ಕೈಯಿಂದ ಕಟ್ಟು ತೆಗೆದುಕೊಂಡು ತಾನೇ ಗುಂಡಿಗೆ ಹಾಕಿದಳು. ಕೇಂದ್ರದವರು ಮುಂದಿನ ಬಿತ್ತನೆಯಿಂದ ಬೂಷ್ಟು ಚುಚ್ಚುವ ಹೊಲದ ತುಂಡನ್ನು ರಸ್ತೆಯಿಂದ ದೂರಕ್ಕೆ, ಜಮೀನಿನ ನಡುವಿಗೆ ಸರಿಸಿದರು.

ಮರುವರ್ಷ ಜೋಳ ಸೊಂಟದೆತ್ತರ ಬಂದಿದ್ದಾಗ ಸೂಜಿಯಮ್ಮ ಒಂದು ಚೀಲ ಹೊತ್ತುಕೊಂಡು ಭಾವನ ಮನೆಗೆ ಬಂದಳು. ಒಳಗೆ ಹುರಿದ ಗೋಧಿಯಂಥ ಕಾಳು; ಹೊರಮೈಗೆ ಮಂಕು ಹಸಿರು ಅಂಟಿತ್ತು.

"ಏನಿದು?"

"ಬೂಷ್ಟು, ಭಾವ."

ಭಾವ ಹೆಂಡತಿಯ ಮುಖ ನೋಡಿದ, ಮತ್ತೆ ನಾದಿನಿಯ ಮುಖ ನೋಡಿದ. "ಹೋದ ವರ್ಷ ತಂದಿಲ್ಲ ಅಂತ ಪರೀಕ್ಷೆ ಮಾಡಿ ತೋರಿಸಿದೆ. ಈ ವರ್ಷ ಚೀಲದಲ್ಲೇ ತಂದೆ."

ಅವಳು ಕೂತು ಹೇಳಿದಳು. ಇದೂ ಅದೇ ಜಾತಿಯ ಬೂಷ್ಟು, ಆದರೆ ಇದಕ್ಕೆ ವಿಷ ಮಾಡಲು ಬರುವುದಿಲ್ಲ. ಜುಟ್ಟು ಬಿಡುವ ಮೊದಲೇ ಹೊಲಕ್ಕೆ ಎರಚಿದರೆ ಇದು ಮಣ್ಣಲ್ಲಿ ಹಬ್ಬಿ ಜಾಗ ಹಿಡಿದುಕೊಳ್ಳುತ್ತದೆ. ವಿಷದ ಬೂಷ್ಟು ಎದ್ದು ನೋಡುವಷ್ಟರಲ್ಲಿ ಸೀಟೆಲ್ಲ ಭರ್ತಿ.

"ಮುಳ್ಳನ್ನ ಮುಳ್ಳಿನಿಂದ ತೆಗೆಯೋದು ಅಂತೀಯ."

"ತೆಗೆಯೋದಲ್ಲ ಭಾವ. ಅದು ಮಣ್ಣಲ್ಲಿ ಇದ್ದೇ ಇರುತ್ತೆ. ಕೂರೋಕೆ ಜಾಗ ಕೊಡದಿರೋದು."

"ಕೆಲಸ ಮಾಡುತ್ತಾ?"

"ಬೇರೆ ಕಡೆ ಮಾಡಿದೆ. ಇಲ್ಲಿ ಮಾಡುತ್ತಾ ಗೊತ್ತಿಲ್ಲ."

ಭಾವ ಒಂದು ಕಾಳು ತೆಗೆದು ಅಂಗೈಲಿಟ್ಟು ಹೊರಳಿಸಿದ. "ಬೇರೆ ಯಾರಾದ್ರೂ ತಂದಿದ್ರೆ ಬಾಗಿಲಿಂದಲೇ ಕಳಿಸ್ತಿದ್ದೆ. ಆ ಒಂದು ಸಾಲಿನ ವಿಷಯ ನೀನಾಗೇ ಬಂದು ಹೇಳಿದ್ಯಲ್ಲ. ಅರ್ಧ ಹೊಲ ತಗೋ. ಮೇಲಿನ ಅರ್ಧ."

ಮೇಲಿನ ಅರ್ಧವೆಂದರೆ ಒಣ ಇಳಿಜಾರು, ಹೋದ ವರ್ಷ ಹಾಳಾದದ್ದು. ಒಳ್ಳೆಯ ಅರ್ಧವನ್ನು ಅವನು ಕೈಬಿಡಲಿಲ್ಲ. ಸೂಜಿಯಮ್ಮನಿಗೆ ಅರ್ಥವಾಯಿತು, ನಕ್ಕಳು. ಒಂದು ಮಳೆ ಬಿದ್ದು ನೆಲ ಹಸಿಯಾಗಿದ್ದ ಸಂಜೆ ಅವಳು ಮತ್ತು ಅಕ್ಕ ಚೀಲ ಸೊಂಟಕ್ಕೆ ಕಟ್ಟಿಕೊಂಡು ಸಾಲುಗಳ ನಡುವೆ ಎರಚುತ್ತಾ ನಡೆದರು. ಕೆಲವು ದಿನಗಳಲ್ಲಿ ಮಣ್ಣಿನ ಮೇಲೆ ಬಿದ್ದ ಕಾಳುಗಳು ಹಸಿರು ಉಣ್ಣೆ ಹೊದ್ದುಕೊಂಡವು. ಭಾವ ದಿನಾ ಹೋಗಿ ಬಗ್ಗಿ ನೋಡಿ ಬರುವನು, ನೋಡಿದ್ದನ್ನು ಯಾರಿಗೂ ಹೇಳುವನಲ್ಲ.

ಆ ವರ್ಷವೂ ಬಿಸಿಲು ಕಡಿಮೆಯೇನಿರಲಿಲ್ಲ. ಡಾಕ್ಟರಮ್ಮ ಹೇಳಿದಂತೆ ಜುಟ್ಟು ಬಿಡುವ ಹೊತ್ತಿಗೆ ಕಾಲುವೆಯಿಂದ ಒಂದು ಸಲ ನೀರು ಹಾಯಿಸಿದರು. ಕಾಳು ಬಲಿತ ಮೇಲೆ ತೆನೆಯನ್ನು ಗಿಡದಲ್ಲೇ ಬಿಟ್ಟು ಕಾಯಲಿಲ್ಲ. ಕೊಯ್ದು, ಟಾರ್ಪಾಲಿನ ಮೇಲೆ ಹರವಿ, ಹಲ್ಲಿಗೆ ಹಾಕಿದರೆ ಟಕ್ಕೆನ್ನುವವರೆಗೆ ಒಣಗಿಸಿದರು. ಉಗ್ರಾಣದಲ್ಲಿ ತೇವ ಹಿಡಿಸಿದರೆ ಹೊಲದಲ್ಲಿ ಬಚಾವಾದದ್ದೂ ಅಲ್ಲಿ ಕೆಡುತ್ತದೆ. ಉಗ್ರಾಣ ಖಾಲಿ ಮಾಡಿ ಗುಡಿಸಬೇಕೆಂದಾಗ ಮಾತ್ರ ಭಾವ ಮೂರು ದಿನ ಮುಂದೂಡಿದ. ಕೊನೆಗೆ ತೂತು ಬಕೆಟ್ಟುಗಳೆಲ್ಲ ಹಿತ್ತಲಿಗೆ ಬಂದು ಸಾಲಾಗಿ ಕೂತವು.

ಪರೀಕ್ಷೆಯಲ್ಲಿ ಎರಡು ಅರ್ಧಗಳೂ ತಿನ್ನಲು ಯೋಗ್ಯವೆಂದು ಬಂತು. ಆದರೆ ಒಣ ಇಳಿಜಾರಿನ ಮೇಲಿನ ಅರ್ಧವೇ ಹೆಚ್ಚು ಶುದ್ಧವಾಗಿತ್ತು. ಭಾವ ಈ ಸುದ್ದಿಯನ್ನು ಗಂಭೀರವಾಗಿ ಕೇಳಿಸಿಕೊಂಡ. "ನಾನು ಸರಿಯಾಗೇ ಆರಿಸಿಕೊಟ್ಟೆ ನೋಡು," ಎಂದ. ಅಕ್ಕ ಸೆರಗಿನಂಚು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ಸಲದ ಬಾತುಮರಿಗಳು ಬೆಳೆದು, ಅಂಗಳವನ್ನೆಲ್ಲ ಗಲೀಜು ಮಾಡಿ, ಎಲ್ಲರಿಂದಲೂ ಬೈಸಿಕೊಂಡವು.

ಆಮೇಲಿನ ವರ್ಷಗಳು ಹೆಚ್ಚುಕಡಿಮೆ ಒಂದೇ ಸಮ ಹರಿದವು. ಎಲ್ಲ ವರ್ಷವೂ ಒಳ್ಳೆಯದಾಯಿತು ಎಂದೇನಲ್ಲ; ಒಮ್ಮೆ ಕಟಾವಿನ ಹೊತ್ತಿಗೆ ಸುರಿದ ಮಳೆಗೆ ಬೇರೊಂದು ಗುಲಾಬಿ ಬೂಷ್ಟು ಬಂದು ಕಾಲುಭಾಗ ಹೋಯಿತು. ಬಸ್ಸಿನಲ್ಲಿ ಸೂಜಿಯಮ್ಮನ ಪಕ್ಕದ ಸೀಟು ಯಾವಾಗ ಮತ್ತೆ ತುಂಬಿತೋ ಅವಳಿಗೇ ನೆನಪಿಲ್ಲ. ಸೂಜಿ ಹಿಡಿದ ಬೆರಳ ಗೆಣ್ಣುಗಳು ನೋಯತೊಡಗಿದ ಮೇಲೆ ಅವಳು ತನಗಿಂತ ಚಿಕ್ಕವರಿಬ್ಬರಿಗೆ ಕೆಲಸ ಕಲಿಸಿ, ತಾನು ಕಾಳು ಬೀಸುವ ಕೋಣೆಗೆ ಹೋದಳು. ಅವಳು ಚುಚ್ಚಿದ ತಳಿಗಳಲ್ಲಿ ಹೆಚ್ಚಿನವು ಸೋತವು. ಒಂದೆರಡು ತಡೆದುಕೊಂಡವು. ಅವುಗಳ ಬೀಜ ಈಗ ಅಂಗಡಿಯಲ್ಲಿ ಸಿಗುತ್ತದೆ. ಅವಕ್ಕೆ ಹೆಸರಿಲ್ಲ, ಬರಿಯ ಸಂಖ್ಯೆ. ಆ ಸಂಖ್ಯೆ ಅವಳಿಗೆ ಬಾಯಿಪಾಠ.

ಭಾವನಿಗೆ ವಯಸ್ಸಾದ ಮೇಲೆ ಹೊಸ ಗೀಳು ಹತ್ತಿತು. ಕೇಂದ್ರದಲ್ಲಿ ರೈತರ ಸಭೆ ಇದ್ದಾಗಲೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಡಾಕ್ಟರಮ್ಮ ಕರೆದರೆ ಎದ್ದು ಮಾತಾಡುತ್ತಿದ್ದ, ಕರೆಯದಿದ್ದರೂ ಮಾತಾಡುತ್ತಿದ್ದ. ಒಂದು ಸಭೆಯಲ್ಲಿ ಅವನು ಜುಟ್ಟಿನ ಎಳೆಯಿಂದ ಹಿಡಿದು ಉಗ್ರಾಣದ ತೇವದವರೆಗೆ ಎಲ್ಲವನ್ನೂ ಕೈ ಆಡಿಸಿ ವಿವರಿಸಿದ. ಒಳ್ಳೆ ಬೂಷ್ಟು ಕೆಟ್ಟ ಬೂಷ್ಟನ್ನು ಹಿಡಿದು ತಿಂದುಬಿಡುತ್ತದೆ ಎಂದೂ, ತನ್ನ ಒಣ ಇಳಿಜಾರನ್ನು ಪ್ರಯೋಗಕ್ಕೆಂದೇ ದೂರದೃಷ್ಟಿಯಿಂದ ಬಿಟ್ಟುಕೊಟ್ಟೆನೆಂದೂ ಹೇಳಿದ. ಜನ ಕಿವಿಗೊಟ್ಟು ಕೇಳುತ್ತಿದ್ದರು.

ಸೂಜಿಯಮ್ಮ ಹಿಂದಿನ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತಿದ್ದಳು. ಅವಳ ಮುಂದಿದ್ದ ಒಬ್ಬ ಹೆಂಗಸು, ಹೊಸದಾಗಿ ಜೋಳ ಹಾಕಿದವಳು, ತಿರುಗಿ ಮೆಲ್ಲಗೆ ಕೇಳಿದಳು: "ಅವರು ಹೇಳ್ತಿರೋದು ಸರೀನಾ?"

"ಮುಕ್ಕಾಲು ಸರಿ," ಎಂದಳು ಸೂಜಿಯಮ್ಮ. "ಮುಗಿದ ಮೇಲೆ ನನ್ನ ಹತ್ರ ಬನ್ನಿ, ಉಳಿದ ಕಾಲು ಹೇಳ್ತೀನಿ. ಈಗ ಬೇಡ. ಅಪರೂಪಕ್ಕೆ ಖುಷಿಯಾಗಿದ್ದಾರೆ."

ಅಕ್ಕ ಚೀಲದಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಗಂಡನ ಮಾತನ್ನು ಮೊದಲ ಸಲ ಕೇಳುವವಳಂತೆ ಮುಂದಕ್ಕೆ ಬಾಗಿ ಕೂತಳು.